ಉಪ್ಪುನೀರಿನ ಮೀನಿಗೆ ಔಷಧ ಹಚ್ಚಿದ ದಿನ

ಮಣಿಕೊಂಡದ ನಮ್ಮ ಫ್ಲ್ಯಾಟಿನಲ್ಲಿ ಸಮುದ್ರದ ಮೀನು ಸಾಕುವ ಹವ್ಯಾಸ ನನ್ನದು, ಗಂಡನದಲ್ಲ. ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವವಳಿಗೆ ಫಿಲ್ಟರ್ ನೀರಿಗೆ ಉಪ್ಪು ಬೆರೆಸಿ ಸಮುದ್ರದ ಹದಕ್ಕೆ ತರುವ ಕೆಲಸ ಹಿಡಿಸಿತ್ತು. ಮಾವ ತೀರಿಕೊಂಡ ಮೇಲೆ ಅತ್ತೆ ಸುಲ್ತಾನ್ ಬಜಾರಿನ ಬಾಡಿಗೆ ಮನೆ ಬಿಟ್ಟು ನಮ್ಮಲ್ಲಿಗೆ ಬಂದರು. ಬಂದ ದಿನವೇ ಗಾಜಿನ ತೊಟ್ಟಿಯ ಮುಂದೆ ನಿಂತು, "ಮನ್ಯಾಗ ಮೀನಾ?" ಎಂದರು.

"ತಿನ್ನಾಕಲ್ಲರಿ ಅತ್ತಿ, ನೋಡಾಕ."

"ನೋಡಾಕರ ಯಾಕ ಬೇಕು?"

ಅಂದಿನಿಂದ ಅವರು ತೊಟ್ಟಿಗೆ ಬೆನ್ನು ಮಾಡಿಯೇ ಜಪಕ್ಕೆ ಕೂರುತ್ತಿದ್ದರು. ನಮ್ಮ ನಡುವೆ ಜಗಳವಿರಲಿಲ್ಲ. ಮಾತೂ ಹೆಚ್ಚಿರಲಿಲ್ಲ.

ಒಂದು ಚಳಿಗಾಲ ಗಂಡ ಆಫೀಸಿನ ಕೆಲಸದ ಮೇಲೆ ವಿಶಾಖಪಟ್ಟಣಕ್ಕೆ ಹೋಗಿದ್ದ. ಭಾನುವಾರ ಬೆಳಿಗ್ಗೆ ನೋಡಿದರೆ ನನ್ನ ಹಳದಿ ಟ್ಯಾಂಗ್ ಮೀನು ಕಲ್ಲಿನ ಸಂದಿಯಲ್ಲಿ ಓರೆಯಾಗಿ ನಿಂತಿತ್ತು. ಹೊಸದಾಗಿ ತಂದು ಬಿಟ್ಟ ಮೀನೊಂದು ಅದನ್ನು ಅಟ್ಟಾಡಿಸುತ್ತಿತ್ತು. ತಪ್ಪಿಸಿಕೊಳ್ಳಲು ಹೋಗಿ ಕಲ್ಲಿಗೆ ಉಜ್ಜಿಕೊಂಡಿರಬೇಕು. ಪಕ್ಕೆಯ ಮೇಲೆ ಉಗುರಗಲ ಕೆಂಪು ಗಾಯ. ಬರೀ ತರಚಾಗಿದ್ದರೆ ನೀರು ಶುಚಿಯಾಗಿಟ್ಟರೆ ಸಾಕು, ತಾನೇ ಮಾಯುತ್ತದೆ. ಆದರೆ ಇದರ ಅಂಚಿನಲ್ಲಿ ಬಿಳಿ ಬೂಷ್ಟಿನಂಥದ್ದು ಕಾಣಿಸಿತು. ಅಂಗಡಿಯವನಿಗೆ ಫೋನ್ ಮಾಡಿದೆ. ಗಾಯಕ್ಕೆ ತೆಳು ಮಾಡಿದ ಅಯೋಡಿನ್ ಹಚ್ಚಿ ಬೇರೆ ಟಬ್ಬಿನಲ್ಲಿಡಿ, ಕಿವಿರಿಗೆ ಮಾತ್ರ ಸೋಕಬಾರದು, ಒಬ್ಬರೇ ಮಾಡಬೇಡಿ ಎಂದ.

ಟಬ್ಬಿಗೆ ತೊಟ್ಟಿಯದೇ ನೀರು ತುಂಬಿ ಏರ್ ಪಂಪ್ ಹಚ್ಚಿದೆ. ಈ ಮೀನಿನ ಬಾಲದ ಬುಡದಲ್ಲಿ ಬ್ಲೇಡಿನಂಥ ಮುಳ್ಳಿರುತ್ತದೆ, ಬಲೆ ಹಾಕಿದರೆ ಸಿಕ್ಕಿಕೊಂಡು ಇನ್ನಷ್ಟು ಹರಿದುಕೊಳ್ಳುತ್ತದೆ. ಹಾಗಾಗಿ ಪ್ಲಾಸ್ಟಿಕ್ ಡಬ್ಬಿಯಲ್ಲೇ ಹಿಡಿದೆ. ಮನೆಯಲ್ಲಿದ್ದ ಇನ್ನೊಂದು ಜೊತೆ ಕೈ ಅತ್ತೆಯದು.

"ಅತ್ತಿ, ಒಂದೀಟು ಹಿಡಕೋತೀರೇನ್ರಿ? ಒದ್ದಿ ಅರಿವ್ಯಾಗ ಸುತ್ತಿ ಕೊಡ್ತೀನಿ, ಮುಟ್ಟೂದು ಬ್ಯಾಡ."

ಅವರು ಡಬ್ಬಿಯನ್ನೂ ನನ್ನನ್ನೂ ನೋಡಿದರು. "ಜಳಕ ಇನ್ನೂ ಆಗಿಲ್ಲ. ಕೊಡು."

ಕಣ್ಣು, ಕಿವಿರು ಮುಚ್ಚುವಂತೆ ಒದ್ದೆ ಬಟ್ಟೆ ಸುತ್ತಿ ಅವರ ಅಂಗೈಯಲ್ಲಿಟ್ಟೆ. ಹತ್ತಿ ಸುತ್ತಿದ ಕಡ್ಡಿಯನ್ನು ಔಷಧದಲ್ಲಿ ಅದ್ದಿ ಗಾಯಕ್ಕೆ ಒತ್ತಿದಾಗ ಮೀನು ಒದ್ದಾಡಿತು.

"ಉರೀತೈತೇನ ಅದಕ್ಕ?"

"ಗೊತ್ತಿಲ್ರಿ."

"ಆತು, ಆತು. ಇನ್ನೊಂದೀಟ ತಡಿ," ಎಂದರು. ಅದು ನನಗೆ ಹೇಳಿದ್ದಲ್ಲ, ಮೀನಿಗೆ.

ಟಬ್ಬಿಗೆ ಬಿಟ್ಟಾಗ ಮೀನು ಸ್ವಲ್ಪ ಹೊತ್ತು ವಾಲಿ, ಆಮೇಲೆ ನೆಟ್ಟಗಾಯಿತು. ನಾನು ಕೈ ತೊಳೆದು ಬಂದರೆ ಅತ್ತೆ ಜಳಕಕ್ಕೆ ಹೋಗದೆ ಕುರ್ಚಿಯಲ್ಲೇ ಕೂತಿದ್ದರು.

"ಆ ಔಷಧ ಇನ್ನೂ ಉಳದೈತೇನು?"

"ಐತ್ರಿ. ಯಾಕ?"

ಅವರು ಬಗ್ಗಿ ಎಡಗಾಲಿನ ಕಾಲುಚೀಲ ಕಳಚಿದರು. ಟೈಲ್ಸ್ ತಣ್ಣಗೈತಿ ಎಂದು ಕೆಲವು ವಾರಗಳಿಂದ ಮನೆಯೊಳಗೂ ಕಾಲುಚೀಲ ಹಾಕಿಕೊಳ್ಳುತ್ತಿದ್ದರು. ನಾನೇ ಇನ್ನೊಂದು ಜೊತೆ ತಂದುಕೊಟ್ಟಿದ್ದೆ. ಕಿರುಬೆರಳು ಕಪ್ಪಗಾಗಿ ಬಾತಿತ್ತು. ವಾಸನೆ ಬಂತು. ಅವರಿಗೆ ಸಕ್ಕರೆ ಕಾಯಿಲೆ ಇತ್ತು.

"ಚಪ್ಪಲಿ ಕಚ್ಚಿತ್ತು. ನೋವೇನಿಲ್ಲ," ಎಂದರು.

"ನೋವಿಲ್ಲಂದ್ರನ ಕೆಟ್ಟದ್ದರಿ. ಈಗ ದವಾಖಾನಿಗಿ ಹೋಗೂಣು."

"ಹೋದ್ರ ಕಾಲ ತಗೀತಾರ. ನಮ್ಮಕ್ಕಂದು ತಗದ್ರು. ನೀನ ಹಚ್ಚು, ಮೀನಿಗಿ ಹಚ್ಚಿದಂಗ."

"ಮೀನಿಂದು ಮ್ಯಾಲಿನ ಗಾಯರಿ. ಇದು ಒಳಗ ಇಳದೈತಿ, ನನ್ನ ಕೈಲಿ ಆಗೂದಿಲ್ಲ."

ಅವರು ಕಾಲುಚೀಲವನ್ನು ಮಡಚಿ ಮಡಿಲಲ್ಲಿಟ್ಟುಕೊಂಡರು. ನನಗೆ ಭಯವಾಗಿತ್ತು. ಆದರೂ ನನ್ನ ದನಿ ಕ್ಲಾಸಿನಲ್ಲಿ ಪಾಠ ಮಾಡುವಾಗಿನಷ್ಟೇ ಸಪಾಟಾಗಿತ್ತು. "ನಾ ಜೋಡಿ ಇರ್ತೀನಿ. ನಿಮ್ಮನ್ನ ಕೇಳಲಾರದ ಯಾರೂ ಏನೂ ತಗಿಯೂದಿಲ್ಲ," ಎಂದೆ. ಅವರು ಕುರ್ಚಿಯ ಕೈ ಹಿಡಿದು ಎದ್ದು, "ಆಟೋ ಕರಿ," ಎಂದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಕ್ಸ್‌ರೇ ನೋಡುತ್ತಿದ್ದಾಗ ಅತ್ತೆ ತೆಲುಗಿನಲ್ಲಿ, "ಕಾಲು ತೀಸೇಸ್ತಾರಾ?" ಎಂದು ಕೇಳಿಯೇಬಿಟ್ಟರು. ಕಾಲು ತೆಗೆಯುವುದಿಲ್ಲ, ಕಿರುಬೆರಳು ಮಾತ್ರ ಉಳಿಯುವುದಿಲ್ಲ ಎಂದು ಆಕೆ ನಿಧಾನವಾಗಿ ಹೇಳಿದರು. ಅತ್ತೆ ನನ್ನ ಕಡೆ ತಿರುಗಿದರು. "ಬೆರಳಾದ್ರ ತಗೊಳ್ಳಲಿ ಬಿಡು."

ಸಂಜೆಯ ವಿಮಾನಕ್ಕೆ ಗಂಡ ಬಂದ. ಮರುದಿನ ಬೆರಳು ತೆಗೆದರು.

ಮೀನಿನ ಗಾಯ ಅವರು ಆಸ್ಪತ್ರೆಯಲ್ಲಿದ್ದಾಗಲೇ ಕೂಡಿಕೊಂಡಿತು, ಒಂದು ಮಸುಕು ಕಲೆ ಉಳಿಯಿತು. ಜಗಳಗಂಟ ಮೀನನ್ನು ಅಂಗಡಿಗೆ ವಾಪಸ್ ಕೊಟ್ಟೆ. ಅತ್ತೆಯ ಕಾಲು ಮಾಯುವಷ್ಟರಲ್ಲಿ ಬೇಸಿಗೆಯೇ ಬಂತು. ದಿನಾ ಡ್ರೆಸ್ಸಿಂಗ್ ಬದಲಿಸುವುದು ನನ್ನ ಪಾಲಿಗೆ ಬಂತು. ಆ ಹೊತ್ತಿನಲ್ಲಿ ಅವರು ಅಕ್ಕನ ಕಥೆ ಹೇಳುತ್ತಿದ್ದರು: ಕಾಲು ಹೋದ ಮೇಲೂ ಬೀದರಿನ ಮನೆಯಲ್ಲಿ ಕೂತಲ್ಲೇ ರೊಟ್ಟಿ ಬಡಿದು ಮನೆಮಂದಿಗೆಲ್ಲ ಹಾಕುತ್ತಿದ್ದಳಂತೆ, ಆದರೆ ಯಾರಾದರೂ ಬಾಗಿಲಿಗೆ ಬಂದರೆ ಸೆರಗಿನಿಂದ ಕಾಲು ಮುಚ್ಚಿಕೊಳ್ಳುತ್ತಿದ್ದಳಂತೆ.

ನೋಡಲು ಬಂದ ನೆಂಟರಿಗೆಲ್ಲ ಅತ್ತೆ ಹೇಳುತ್ತಿದ್ದುದು ಒಂದೇ ಮಾತು. "ಸೊಸಿ ಕರಕೊಂಡು ಹೋದ್ಲು, ನಾ ಹೋದ್ನಿ." ಮೀನು ಹಿಡಿದದ್ದನ್ನು ಅವರು ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ.