ಮರಿ ಕಳೆದುಕೊಂಡ ಜೀಬ್ರಾ

ದೊಡ್ಡಬಳ್ಳಾಪುರದ ಪವರ್‌ಲೂಮ್ ಮೆಕ್ಯಾನಿಕ್ ಚೌಡಪ್ಪ ತೊಂಬತ್ತರ ದಶಕದಲ್ಲಿ ಮಗ್ಗ ಜೋಡಿಸಲು ಕೀನ್ಯಾದ ಒಂದು ಬಟ್ಟೆ ಮಿಲ್ಲಿಗೆ ಹೋಗಿದ್ದ. ಒಂದು ಭಾನುವಾರ ಮಿಲ್ಲಿನವರು ಅವನನ್ನು ಕಾಡುಪ್ರಾಣಿ ತೋರಿಸಲು ಜೀಪಿನಲ್ಲಿ ಕರೆದೊಯ್ದರು. ಬೆಳಿಗ್ಗೆಯೆಲ್ಲ ಆನೆ, ಜಿರಾಫೆಗಳನ್ನು ನೋಡಿ ಹಿಗ್ಗಿದ. ಮಧ್ಯಾಹ್ನ ಕಣ್ಣೆದುರೇ ಸಿಂಹಿಣಿಯೊಂದು ಜೀಬ್ರಾ ಮರಿಯ ಕುತ್ತಿಗೆಗೆ ಬಾಯಿ ಹಾಕಿತು. ತಾಯಿ ಜೀಬ್ರಾ ಸ್ವಲ್ಪ ದೂರ ಓಡಿ, ತಿರುಗಿ ನಿಂತು ನೋಡಿತು. ಆಮೇಲೆ ತಲೆ ತಗ್ಗಿಸಿ ಹುಲ್ಲು ಮೇಯತೊಡಗಿತು. ಮಿಲ್ಲಿನವರು ಕೊಟ್ಟ ಊಟದ ಪೊಟ್ಟಣವನ್ನು ಚೌಡಪ್ಪ ಬಿಚ್ಚಲೇ ಇಲ್ಲ.

ಊರಿಗೆ ಬಂದವನು ಹೆಂಡತಿ ವರಲಕ್ಷ್ಮಮ್ಮನಿಗೆ ಮೊದಲು ಹೇಳಿದ್ದೇ ಅದನ್ನು.

"ಮರಿ ಇನ್ನೂ ಒದ್ದಾಡ್ತಿತ್ತು ಕಣೆ. ಅದರ ತಾಯಿ ಹೆಂಗೆ ಮೇಯ್ತು? ಅದಕ್ಕೆ ಕರುಳೇ ಇಲ್ವಾ?"

ವರಲಕ್ಷ್ಮಮ್ಮ ನೂಲು ಸುತ್ತುವುದನ್ನು ನಿಲ್ಲಿಸಲಿಲ್ಲ. "ನಮ್ಮ ಅವಳೀಲಿ ಒಂದನ್ನ ನೀವು ಮಣ್ಣು ಮಾಡೋಕೆ ತಗೊಂಡು ಹೋದ್ರಲ್ಲ, ಆಗ ನಾನು ಅಡುಗೆಮನೇಲಿ ಕೂತು ಮುದ್ದೆ ಉಂಡೆ. ಇನ್ನೊಂದಕ್ಕೆ ಹಾಲು ಬೇಕಿತ್ತು."

ಚೌಡಪ್ಪ ಬೆಚ್ಚಿ ಅವಳ ಮುಖ ನೋಡಿದ. ಉಳಿದ ಆ ಮಗಳು ಆಗಲೇ ಮದುವೆ ವಯಸ್ಸಿಗೆ ಬಂದಿದ್ದಳು. ಅಷ್ಟು ವರ್ಷ ವರಲಕ್ಷ್ಮಮ್ಮ ಇದನ್ನು ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.