ಸೀಟು ಹಿಡಿದ ಸೋದರಮಾವ

ನನಗೆ ಚಿಂತೆ ಮಾಡಲು ವಿಷಯವೇ ಬೇಕಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸು ಓಡಿ ಬಂದವನು ನಾನು. ಆ ದಿನ ಸಿಲಿಂಡರೇ ಖಾಲಿಯಾಗಿತ್ತು. ಇಂಥವನನ್ನು ಹುಡುಕಿ, ಸೈಕಲ್ ಓಟದ ಮಕ್ಕಳಿಗೆ ಸರ್ಕಾರದ ನೆರವು ಕೊಡುವ ಆಯ್ಕೆ ಸಮಿತಿಗೆ ಹಾಕಿಕೊಂಡಿದ್ದರು. ನನ್ನ ಅರ್ಹತೆ ಇಷ್ಟೇ. ಭಾನುವಾರಗಳಂದು ನಾವು ಕೆಲವರು ನಡುವಯಸ್ಸಿನವರು ಹೊಟ್ಟೆ ಕರಗಿಸುವ ನೆಪದಲ್ಲಿ ಶ್ರವಣಬೆಳಗೊಳದವರೆಗೆ ಸೈಕಲ್ ತುಳಿದು, ಅಲ್ಲಿ ದೋಸೆ ತಿಂದು, ಕರಗಿದ್ದಕ್ಕಿಂತ ಹೆಚ್ಚು ತುಂಬಿಕೊಂಡು ಬರುತ್ತೇವೆ. ಆ ಗುಂಪಿಗೆ ನಾನು ಕಾರ್ಯದರ್ಶಿ.

ಆ ವರ್ಷ ನೆರವು ಒಬ್ಬರಿಗೆ ಮಾತ್ರ ಇತ್ತು. ಒಂದು ಒಳ್ಳೆಯ ರೇಸ್ ಸೈಕಲ್ಲು, ಜೊತೆಗೆ ವರ್ಷವಿಡೀ ತರಬೇತಿಯ ಖರ್ಚು. ಅರ್ಜಿಗಳನ್ನೆಲ್ಲ ಸೋಸಿ, ಹಳೆಯ ಪಂದ್ಯಗಳ ಅಂಕ ಕೂಡಿಸಿ ನೋಡಿದಾಗ ಇಬ್ಬರು ಹುಡುಗಿಯರು ಸಮಸಮ ನಿಂತರು. ಇಬ್ಬರನ್ನೂ ಒಮ್ಮೆ ಓಡಿಸಿ ನೋಡಿ ತೀರ್ಮಾನಿಸುವುದೆಂದಾಯಿತು. ಒಬ್ಬಳು ಅರಕಲಗೂಡಿನ ಕಡೆಯ ಹೊಗೆಸೊಪ್ಪು ಬೆಳೆಗಾರರ ಮಗಳು. ಇನ್ನೊಬ್ಬಳು ಹೊಳೆನರಸೀಪುರದವಳು, ಸಾಕ್ಷಾತ್ ನನ್ನ ಅಕ್ಕನ ಮಗಳು. ಅವಳು ತುಳಿಯುತ್ತಿದ್ದದ್ದು ಯಾರೋ ಸೀನಿಯರ್ ಹುಡುಗಿಯ ಸೈಕಲ್ಲು, ಸದ್ಯದಲ್ಲೇ ಹಿಂತಿರುಗಿಸಬೇಕಾದದ್ದು. ಈ ನೆರವು ಸಿಗದಿದ್ದರೆ ಅವಳ ಓಟ ಅಲ್ಲಿಗೆ ಮುಗಿಯಿತು. ‘ಸಾಕು, ಬಿ.ಎಡ್. ಸೇರ್ಕೊ’ ಎಂದು ಅಕ್ಕ ಆಗಲೇ ರಾಗ ತೆಗೆದಿದ್ದಳು.

ನಾನು ಸಮಿತಿಯ ಮುಖ್ಯಸ್ಥೆಯ ಬಳಿ ಹೋದೆ. ಅವರು ಹಾಸನದ ನಿವೃತ್ತ ದೈಹಿಕ ಶಿಕ್ಷಕಿ. ಈಗಲೂ ಅವರು ‘ಹೂಂ’ ಎಂದರೆ ರಸ್ತೆಯಲ್ಲಿ ಹೋಗುವವರು ಸಾಲಾಗಿ ನಿಲ್ಲುತ್ತಾರೆ.

‘ಮೇಡಂ, ನನ್ನನ್ನ ಬಿಟ್ಬಿಡಿ. ಅಕ್ಕನ ಮಗಳು ಕಣದಲ್ಲಿದ್ದಾಳೆ. ನಾಳೆ ಜನ ಏನಂತಾರೆ?’

‘ನೆಂಟರಿದ್ದಾರೆ ಅಂತ ಒಬ್ಬೊಬ್ರನ್ನೇ ಬಿಡ್ತಾ ಹೋದ್ರೆ ಈ ನಾಲ್ಕು ತಾಲೂಕಲ್ಲಿ ಸಮಿತಿಗೆ ಯಾರ್ರೀ ಉಳೀತಾರೆ? ನನ್ನ ಮಗನ ಹೆಂಡ್ತಿ ಅರಕಲಗೂಡಿನೋಳೇ. ಟೈಮ್ ನೋಡೋದು, ತೀರ್ಪು ಹೇಳೋದು ಎರಡೂ ನಾನೇ. ನೀವು ಸುಮ್ನೆ ಸೀಟು ಹಿಡ್ಕೊಂಡು ನಿಂತ್ರೆ ಸಾಕು.’

ಸೀಟು ಹಿಡಿಯುವುದೆಂದರೆ ಇಷ್ಟು. ಒಬ್ಬೊಬ್ಬರನ್ನೇ ಬೇರೆ ಬೇರೆ ಓಡಿಸಿ ಸಮಯ ಅಳೆಯುವ ಪಂದ್ಯದಲ್ಲಿ ಸವಾರರ ಬೂಟು ಹೊರಡುವ ಮೊದಲೇ ಪೆಡಲಿಗೆ ಕಚ್ಚಿಕೊಂಡಿರುತ್ತದೆ. ಕಾಲು ನೆಲಕ್ಕೆ ಊರುವಂತಿಲ್ಲ. ಅದಕ್ಕೆ ಹಿಂದೆ ಒಬ್ಬರು ಸೀಟು ಹಿಡಿದು ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ, ‘ಹೊರಡು’ ಅಂದ ಕೂಡಲೇ ಬಿಡಬೇಕು. ನೂಕಬಾರದು, ಎಳೆಯಬಾರದು. ಗೂಟಕ್ಕೆ ಕಲಿಸಿದರೂ ಕಲಿಯುವ ಕೆಲಸ.

ಪಂದ್ಯ ಇಟ್ಟುಕೊಂಡಿದ್ದು ಶಾಂತಿಗ್ರಾಮದ ಹತ್ತಿರ, ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ. ತುದಿಯ ತಿರುವು ಸುತ್ತಿ ಹೊರಟ ಗೆರೆಗೇ ವಾಪಸು ಬರಬೇಕು. ಡೈರಿಗೆ ಹಾಲು ಹಾಕಿ ಬಂದವರು ಖಾಲಿ ಕ್ಯಾನುಗಳ ಮೇಲೆಯೇ ಕೂತು ನೋಡುತ್ತಿದ್ದರು. ಮೊದಲು ಅರಕಲಗೂಡಿನ ಹುಡುಗಿ. ಮೇಡಂ ‘ಹೊರಡು’ ಅಂದರು, ನಾನು ಬಿಟ್ಟೆ, ಅವಳು ಹೋದಳು. ನನ್ನ ಜೀವನದಲ್ಲಿ ಅಷ್ಟು ಸಲೀಸಾಗಿ ಮಾಡಿದ ಕೆಲಸ ಇನ್ನೊಂದಿಲ್ಲ.

ಆಮೇಲೆ ನನ್ನ ಸೊಸೆ ಬಂದು ನಿಂತಳು. ಸೀಟಿಗೆ ಕೈ ಹಾಕುತ್ತಿದ್ದಂತೆ ನನ್ನ ತಲೆಯೊಳಗಿನ ಯಂತ್ರ ಶುರುವಾಯಿತು. ಒಂದು ಕೂದಲೆಳೆ ಮೊದಲು ಬಿಟ್ಟರೆ? ಬಿಡುವಾಗ ಬೆರಳು ಕೊಂಚ ಮುಂದೆ ಹೋದರೆ? ‘ಮಾವ ನೂಕಿದ’ ಅಂದರೆ ಮುಗಿಯಿತು. ನಾನಂತೂ ಹೋಗಲಿ, ಅವಳು ಎಷ್ಟು ಪದಕ ತಂದರೂ ಜನ ಅದನ್ನೇ ಹೇಳುತ್ತಾರೆ. ನೂಕಬಾರದು, ನೂಕಬಾರದು ಎಂದು ಜಪಿಸುತ್ತ ಗಟ್ಟಿಯಾಗಿ ಹಿಡಿದುಕೊಂಡೆ.

‘ಮೂರು, ಎರಡು, ಒಂದು, ಹೊರಡು!’

ಸೈಕಲ್ಲು ಹೊರಟಿತು. ನಾನೂ ಹೊರಟೆ. ಬಿಡಬೇಕೆಂದು ಬುದ್ಧಿ ಹೇಳುತ್ತಿತ್ತು, ಕೈ ಕೇಳಲಿಲ್ಲ. ಸೀಟು ಹಿಡಿದೇ ನಾಲ್ಕಾರು ಹೆಜ್ಜೆ ಅವಳ ಹಿಂದೆ ಓಡಿದೆ. ಎಡಗಾಲಿನ ಚಪ್ಪಲಿ ಕಳಚಿ ಹಾಲಿನ ಕ್ಯಾನಿಗೆ ಬಡಿದ ಸದ್ದಿಗೆ ಎಚ್ಚರವಾಗಿ ಬಿಟ್ಟೆ.

ತಕ್ಷಣ ಹಿಂದಿನಿಂದ ಕೂಗು ಬಂತು. ಅರಕಲಗೂಡಿನ ಹುಡುಗಿಯ ತಂದೆ, ಟವೆಲ್ ಕೊಡವಿಕೊಂಡು ಎದ್ದಿದ್ದರು.

‘ನೂಕ್ಬುಟ್ರು! ಮೇಡಂ, ನಾನು ಕಣ್ಣಾರೆ ಕಂಡೆ! ಸ್ವಾದರ್ಮಾವ ಅಂತ ಇಂಗಾ ಮಾಡೋದು? ನ್ಯಾಯ ಬ್ಯಾಡ್ವಾ?’

‘ಇಲ್ಲ ಇಲ್ಲ, ನಾನು ನೂಕಲಿಲ್ಲ…’ ಒಂದು ಕಾಲಿನಲ್ಲಿ ಚಪ್ಪಲಿ ಇಲ್ಲದವನ ಮಾತನ್ನು ಯಾರು ನಂಬುತ್ತಾರೆ?

‘ನೂಕ್ದೆ ಇದ್ರೆ ಹಿಂದ್ಗುಟ್ಲೆ ಯಾಕ್ ಓಡುದ್ರಿ? ಗಂಡನ ಮನೆಗೆ ಕಳ್ಸಕ್ಕಾ?’

ಕ್ಯಾನುಗಳ ಮೇಲಿದ್ದವರು ಕಿಸಕ್ಕನೆ ನಕ್ಕರು. ಅವರಲ್ಲೊಬ್ಬರು ಮೊಬೈಲಿನಲ್ಲಿ ವಿಡಿಯೊ ಹಿಡಿದಿದ್ದರು. ಮೇಡಂ ಅದನ್ನು ಕೈಗೆ ತೆಗೆದುಕೊಂಡು ಒಮ್ಮೆ ನೋಡಿದರು. ಮತ್ತೊಮ್ಮೆ ನಿಧಾನವಾಗಿ ನೋಡಿದರು. ಆಮೇಲೆ ಹುಡುಗಿಯ ತಂದೆಯ ಮುಂದೆ ಹಿಡಿದರು. ಅದರಲ್ಲಿ ಎಲ್ಲ ಸ್ಪಷ್ಟವಾಗಿತ್ತು. ನನ್ನ ಮೈ ಪೂರ್ತಿ ಹಿಂದಕ್ಕೆ ವಾಲಿತ್ತು, ಮೂಗುದಾರ ಹಿಡಿದು ಹೋರಿಯನ್ನು ತಡೆಯುವವನ ಹಾಗೆ. ಪಾಪ, ನನ್ನ ಸೊಸೆ ನನ್ನನ್ನೂ ಎಳೆದುಕೊಂಡು ಹೊರಟಿದ್ದಳು.

‘ಅಯ್ಯೋ,’ ಅಂದರು ಆ ತಂದೆ, ‘ಎಳುದ್ಬುಟ್ಟವ್ರಲ್ಲಾ!’

ಅಷ್ಟರಲ್ಲಿ ಅರಕಲಗೂಡಿನ ಹುಡುಗಿ ಬಂದು ಗೆರೆ ದಾಟಿದಳು. ಸ್ವಲ್ಪ ಹೊತ್ತಿಗೆ ನಮ್ಮವಳೂ ಬಂದಳು. ಮೇಡಂ ಇಬ್ಬರ ಸಮಯವನ್ನೂ ಹೋಲಿಸಿದರು. ನಮ್ಮವಳು ಒಂದೇ ಒಂದು ಸೆಕೆಂಡು ಹಿಂದೆ. ನಾನು ಹಿಡಿದುಕೊಂಡು ಓಡಿದ್ದು ಅದಕ್ಕಿಂತ ಹೆಚ್ಚೇ ಇತ್ತೆಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಸೊಸೆ ಸೈಕಲ್ಲಿನಿಂದ ಇಳಿಯದೆ ಹ್ಯಾಂಡಲ್ ಮೇಲೆ ತಲೆ ಇಟ್ಟುಕೊಂಡಿದ್ದಳು.

‘ಮಾಮ, ಏನಾಗಿತ್ತು ನಿಂಗೆ?’ ಎಂದಳು. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನಿಜವಾಗಿಯೂ ಕೇಳುತ್ತಿದ್ದಳು.

ಈಗ ಅರಕಲಗೂಡಿನ ಹುಡುಗಿಯ ತಂದೆ ಟವೆಲ್ ಮಡಿಸುತ್ತ ನಿಂತಿದ್ದರು. ಮಗಳು ಗೆದ್ದಿದ್ದಳು, ನ್ಯಾಯದ ಮಾತು ಮರೆತುಹೋಗಿತ್ತು. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ. ಮಾತಾಡಿದ್ದು ಅವರ ಮಗಳು. ವಿಡಿಯೊ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಕಣ್ಣೊರೆಸಿಕೊಂಡು, ‘ಮೇಡಂ, ಇನ್ನೊಂದ್ಸಲ ಓಡ್ಸಿ’ ಅಂದಳು.

‘ಲೇ, ಗೆದ್ದಿದ್ದೀಯ. ತೆಪ್ಪಗಿರು,’ ಅಂದರು ತಂದೆ.

‘ನೀನೇ ತಾನೆ ಅಪ್ಪ ನ್ಯಾಯ ಅಂತ ಕೂಗ್ಕೊಂಡಿದ್ದು? ನೂಕುದ್ರೆ ತಪ್ಪು, ಎಳುದ್ರೆ ಸರೀನಾ? ಊರಿಗೋದ್ರೆ ಎಲ್ಲಾ ಏನಂತಾರೆ, ಅವ್ಳ ಮಾವ ಗೆಲ್ಸಿಕೊಟ್ಟ ಅಂತಾರೆ. ನಂಗ್ಯಾಕ್ ಅವ್ಳ ಮಾವ? ಇನ್ನೊಂದ್ಸಲ ಗೆಲ್ತೀನಿ ಬಿಡು.’

ಮೇಡಂ ಒಪ್ಪಿದರು. ಇಬ್ಬರಿಗೂ ಬಾಳೆಹಣ್ಣು ಕೊಟ್ಟು ಸಾಕಷ್ಟು ಹೊತ್ತು ನೆರಳಲ್ಲಿ ಕೂರಿಸಿದರು. ಆಮೇಲೆ ನನ್ನನ್ನೂ ಹುಡುಗಿಯ ತಂದೆಯನ್ನೂ ಎದುರಿಗೆ ನಿಲ್ಲಿಸಿಕೊಂಡರು.

‘ಅವರ ಮಗಳನ್ನ ನೀವು ಹಿಡೀರಿ. ಇವರ ಸೊಸೇನ ನೀವು ಹಿಡೀರಿ.’

‘ನಾನಾ?’ ಎಂದು ಅವರು ಹೌಹಾರಿದರು. ‘ಬ್ಯಾಡಿ ಮೇಡಂ, ಒಂಚೂರು ಎಚ್ಚುಕಮ್ಮಿ ಆದ್ರೆ ನನ್ನೇ ಅಂತಾರೆ!’

ಜಗತ್ತಿನಲ್ಲಿ ನನ್ನಂಥವನು ಇನ್ನೊಬ್ಬನಿದ್ದಾನೆಂದು ತಿಳಿದು ನನಗಾದ ಸಂತೋಷ ಹೇಳತೀರದು. ಈ ಸಲ ಮೊದಲು ನಮ್ಮವಳು. ಆತ ಅಂಗೈ ಪಂಚೆಗೆ ಒರೆಸಿಕೊಂಡು, ಕಾಯಿಸಿದ ಹಾಲಿನ ಪಾತ್ರೆ ಮುಟ್ಟುವವರ ಹಾಗೆ ಸೀಟು ಮುಟ್ಟಿದರು. ಮೇಡಂ ‘ಹೊರಡು’ ಅಂದರು, ಅವರು ಬಿಟ್ಟರು. ಸೊಗಸಾಗಿ ಬಿಟ್ಟರು. ಅವರ ಮಗಳ ಸರದಿಗೆ ನಾನು ಹಲ್ಲು ಕಚ್ಚಿಕೊಂಡು ಬಿಟ್ಟೆ. ಕೈ ಕೇಳಿತು.

ಹುಡುಗಿಯರು ಬರುವವರೆಗೆ ನಾವಿಬ್ಬರೂ ಗೂಡಂಗಡಿಯ ಮುಂದೆ ಕಾಫಿ ಹಿಡಿದು ರಸ್ತೆ ನೋಡುತ್ತ ನಿಂತೆವು. ಇಬ್ಬರ ಕಾಫಿಯೂ ಆರಿಹೋಯಿತು.

‘ನೀವು ಸರ್ಯಾಗ್ ಬುಟ್ರಾ ಸಾ?’

‘ಬಿಟ್ಟೆ ಅನ್ಸುತ್ತೆ. ನೀವು?’

‘ಬುಟ್ಟೆ. ಬುಡ್ಬಾರ್ದಾಗಿತ್ತು ಅನ್ನಿಸ್ತದೆ,’ ಎಂದು ಅವರು ನಕ್ಕರು.

ಇಬ್ಬರೂ ಗೆರೆ ದಾಟಿದ ಮೇಲೆ ಮೇಡಂ ಸಮಯ ಹೇಳಲಿಲ್ಲ. ಮೊದಲು ಎಲ್ಲರಿಗೂ ಈ ಸಲ ತೆಗೆಸಿದ ವಿಡಿಯೊ ತೋರಿಸಿ, ‘ಹಿಡಿದದ್ದು, ಬಿಟ್ಟದ್ದು ಸರಿ ಇತ್ತಾ? ಆಕ್ಷೇಪಣೆ ಇದ್ರೆ ಈಗ್ಲೇ ಹೇಳಿ. ಟೈಮ್ ಓದಿದ ಮೇಲೆ ಯಾರೂ ಬಾಯಿ ತೆಗೀಬಾರ್ದು’ ಅಂದರು. ಫಲಿತಾಂಶ ಗೊತ್ತಿಲ್ಲದಾಗ ಮನುಷ್ಯರು ಎಷ್ಟು ಪ್ರಾಮಾಣಿಕರೆಂದರೆ, ನಾವೆಲ್ಲ ಒಂದೇ ದನಿಯಲ್ಲಿ ‘ಸರಿ ಇತ್ತು’ ಎಂದೆವು.

ಆಗ ಓದಿದರು. ನಮ್ಮವಳು ಮುಂದಿದ್ದಳು. ಹೆಚ್ಚೇನಲ್ಲ, ಆದರೆ ವಾದಕ್ಕೆ ಜಾಗವಿಲ್ಲದಷ್ಟು. ನೆರವು ಅವಳಿಗೆ.

ಅರಕಲಗೂಡಿನ ಹುಡುಗಿ ಹೆಲ್ಮೆಟ್ಟಿನ ಪಟ್ಟಿ ಬಿಚ್ಚುವುದರಲ್ಲಿ ಬಹಳ ಹೊತ್ತು ಕಳೆದಳು. ಯಾರೂ ಅವಳ ಕಡೆ ನೋಡಲಿಲ್ಲ. ತಂದೆ ಹೋಗಿ ಅವಳ ಪಕ್ಕದಲ್ಲಿ ನಿಂತರು. ‘ನೇರ್ಪಾಗೇ ಬುಟ್ಟೆ ಕಣವ್ವಾ ಅವ್ಳನ್ನ, ನನ್ ಕೈಯಾರೆ. ಅದೇ ನಂಗೆ ಒಟ್ಟೆ ಉರಿ.’

‘ಊಂ, ನಾನೂ ಕಂಡೆ. ಚೆನ್ನಾಗ್ ಬುಟ್ಟೆ,’ ಎಂದಳು ಅವಳು. ಮೂಗು ಒರೆಸಿಕೊಂಡು ಸೀದಾ ನನ್ನ ಸೊಸೆಯ ಹತ್ತಿರ ಬಂದಳು. ‘ಅರ್ಜಿ ಮತ್ತೆ ಮುಂದಿನ ವರ್ಷ ಕರೀತಾರಂತೆ. ಆ ತಿರುವಲ್ಲಿ ನೀನು ಬ್ರೇಕ್ ಮುಟ್ಲೇ ಇಲ್ವಾ?’

‘ಇಲ್ಲ. ಭಾನ್ವಾರ ದೊಡ್ಡಗದ್ದವಳ್ಳಿ ರಸ್ತೇಗ್ ಬಾ, ತೋರಿಸ್ತೀನಿ. ಹೊಸ ಸೈಕಲ್ ಬಂದ್ಮೇಲೆ ನೀನೂ ಒಂದ್ ರೌಂಡ್ ಹೊಡಿ.’

‘ಬತ್ತೀನಿ. ಅದ್ರ ಮೇಲೇ ಕಲ್ತು ನಿನ್ನೇ ಸೋಲಿಸ್ತೀನಿ.’

ನನ್ನ ತಲೆಯೊಳಗಿನ ಯಂತ್ರ ಮತ್ತೆ ಶುರುವಾಯಿತು. ಸರ್ಕಾರದ ನೆರವಿನ ಸೈಕಲ್ಲು. ಆಯ್ಕೆಯಾದವಳಿಗೆಂದು ಕೊಟ್ಟದ್ದು. ಅದನ್ನು ಆಯ್ಕೆಯಾಗದವಳು ತುಳಿಯಬಹುದೇ? ನಾಳೆ ಯಾರಾದರೂ ವಿಡಿಯೊ ತೆಗೆದರೆ? ಮೇಡಂ ಕಾರಿನ ಬಾಗಿಲು ತೆಗೆಯುತ್ತಿದ್ದರು. ಓಡಿಹೋಗಿ, ದನಿ ತಗ್ಗಿಸಿ, ಅದರ ಬಗ್ಗೆ ನಿಯಮವೇನು ಎಂದು ಕೇಳಿದೆ.

‘ಅಂಥ ನಿಯಮ ಯಾವುದೂ ಇಲ್ಲ,’ ಎಂದರು ಮೇಡಂ. ‘ದಯವಿಟ್ಟು ನೀವು ಕೇಳಿ ಕೇಳಿ ಒಂದು ನಿಯಮ ಮಾಡಿಸಬೇಡಿ.’