ಸಪನಾ ಆರಿಸಿದ ಧೂಳಿನ ಮಷೀನು

ಕರೋಶಿಯಿಂದ ತೆಲಸಂಗಕ್ಕೆ ಸೊಸೆಯಾಗಿ ಬಂದ ಸಪನಾ ಗಂಡನ ಪಕ್ಕದಲ್ಲಿ ನಿಂತು ಮರಗೆಲಸ ಕಲಿತವಳು. ಗಂಡ ಸುಮೇಧ ಬಾಗಿಲು, ಚೌಕಟ್ಟು ಕೂಡಿಸುತ್ತಿದ್ದ. ಹಲಗೆ ನುಣುಪು ಮಾಡುವ ರಂದಾ ಮಷೀನು ಇವಳದು. ಊರ ಹೊರಗೆ, ಅಥಣಿ ರಸ್ತೆಯ ಮಗ್ಗುಲಲ್ಲಿ ಅವರ ತಗಡಿನ ವರ್ಕ್‌ಶಾಪು. ಹಿಂದಿನ ತಂತಿಬೇಲಿ ದಾಟಿದರೆ ಮಲ್ಲೇಶನ ದ್ರಾಕ್ಷಿ ತೋಟ, ತೋಟದ ತುದಿಗೆ ಬಲೆಗಳ ಮೇಲೆ ದ್ರಾಕ್ಷಿ ಹರಡಿ ಬೇದಾಣಿ, ಅಂದರೆ ಒಣದ್ರಾಕ್ಷಿ, ಮಾಡುವ ಶೆಡ್ಡು.

ಒಳಗಿನ ಧೂಳನ್ನು ಹೊರಗೆ ದೂಡಲು ಸುಮೇಧ ಹಿಂಗೋಡೆಗೆ ದೊಡ್ಡ ಫ್ಯಾನು ಕೂಡಿಸಿದ್ದ. ಬೇಸಿಗೆಯಲ್ಲಿ ಗಾಳಿ ತಿರುಗಿದಾಗ ಆ ಧೂಳೆಲ್ಲ ಶೆಡ್ಡಿಗೆ ಹೋಯಿತು. ಔಷಧದ ಎಣ್ಣೆಯಲ್ಲಿ ಅದ್ದಿ ತೆಗೆದ ಹಸಿ ದ್ರಾಕ್ಷಿಗೆ ಧೂಳು ಅಂಟಿದರೆ ತೊಳೆದರೂ ಹೋಗುವುದಿಲ್ಲ. ಮಲ್ಲೇಶ ಬೇಲಿಯ ಹತ್ತಿರ ಬಂದು ಇದನ್ನು ಹೇಳಿದ್ದ. “ಧೂಳು ಎಳಿಯೋ ಮಷೀನ್ ತರ್ತೀನ್ರಿ ಕಾಕಾ” ಎಂದು ಸುಮೇಧ ಮಾತು ಕೊಟ್ಟಿದ್ದ. ಮದುವೆ ಹಂಗಾಮಿನ ಕಪಾಟುಗಳ ಗಡಿಬಿಡಿಯಲ್ಲಿ ಅದು ಹಿಂದೆ ಬಿತ್ತು.

ವ್ಯಾಪಾರಿ ಬೇದಾಣಿಯನ್ನು ಕೈಯಲ್ಲಿ ಉಜ್ಜಿ ನೋಡಿ ಬೇಡವೆಂದು ಹೋದ ಮಧ್ಯಾಹ್ನ, ಮಲ್ಲೇಶನ ಮಗ ಸಂಗ್ರಾಮ ಇಬ್ಬರು ಗೆಳೆಯರೊಂದಿಗೆ ವರ್ಕ್‌ಶಾಪಿಗೆ ನುಗ್ಗಿದ. ಅವನ ಕೈಯಲ್ಲಿ ಸಲಿಕೆ ಇತ್ತು. ಮೊದಲ ಏಟು ಫ್ಯಾನಿಗೆ, ಎರಡನೆಯದು ರಂದಾ ಮಷೀನಿಗೆ. ತಡೆಯಲು ಹೋದ ಸುಮೇಧನ ಕಿವಿಯ ಮೇಲೆ ಸಲಿಕೆಯ ಹಿಡಿ ಬಿತ್ತು. ಅವನು ಕುಸಿದ. ಗೆಳೆಯರಿಬ್ಬರು ಅವನ ತೋಳುಗಳನ್ನು ತುಳಿದು ನಿಂತರು. ಸಂಗ್ರಾಮ ಅವನ ಕೂದಲು ಹಿಡಿದು ಮುಖವನ್ನು ಮರದ ಹೊಟ್ಟಿನ, ಭುಸಾದ, ರಾಶಿಯೊಳಗೆ ಅದುಮಿದ.

“ತಿನ್ನು. ನಮ್ಮ ಮಾಲಿಗೆ ತಿನಿಸಿದ್ಯಲ್ಲಾ, ಈಗ ನೀ ತಿನ್ನು. ನಿಮ್ಮ ಓಣ್ಯಾವ್ರು ರೋಡಿಗಿ ಬಂದು ಮಷೀನ್ ಹಚ್ಚೂದು ಭಾಳ ಆತು.”

ಹಿಂದೆ ಹಲಗೆ ಒಟ್ಟುತ್ತಿದ್ದ ಸಪನಾ ಒಳಗೆ ಬಂದಾಗ ಗಂಡನ ಕಾಲುಗಳು ನೆಲಕ್ಕೆ ಬಡಿಯುತ್ತಿದ್ದವು. ಉಸಿರು ಎಳೆದಷ್ಟೂ ಭುಸಾ ಗಂಟಲಿಗೆ ಇಳಿಯುತ್ತಿತ್ತು. ನೋಡನೋಡುತ್ತಿದ್ದಂತೆ ಕಾಲುಗಳ ಬಡಿತ ನಿಧಾನವಾಗಿ, ನಿಂತಿತು. ಅವಳು ಗೋಡೆಗೆ ಒರಗಿಸಿದ್ದ ಸಾಗವಾನಿ ಪಟ್ಟಿ ಎತ್ತಿಕೊಂಡು ಸಂಗ್ರಾಮನ ಮೊಣಕೈಗೆ ಬೀಸಿದಳು. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಅವನು ಕೈ ಬಿಟ್ಟ. ಅವಳು ಮತ್ತೆ ಎತ್ತಿದಳು, ಈ ಸಲ ಹೆಗಲಿಗೆ. ಗೆಳೆಯರು ಅವನನ್ನು ಎಳೆದುಕೊಂಡು ಓಡಿದರು. ಅವಳು ಮಂಡಿಯೂರಿ ಗಂಡನ ಬಾಯೊಳಗೆ ಬೆರಳು ಹಾಕಿ, ರಕ್ತದಲ್ಲಿ ಕಲಸಿದ್ದ ಭುಸಾವನ್ನು ಮುದ್ದೆ ಮುದ್ದೆಯಾಗಿ ತೆಗೆದಳು. ಅವನು ಕೆಮ್ಮುವ ತನಕ ತೆಗೆಯುತ್ತಲೇ ಇದ್ದಳು.

ಪೊಲೀಸ್ ಠಾಣೆಯಲ್ಲಿ ಎರಡೂ ಕಡೆಯ ದೂರು ದಾಖಲಾಯಿತು. ಸುಮೇಧನ ಎಡಗಿವಿ ಕೇಳದಾಯಿತು. ಅವನು ಆಸ್ಪತ್ರೆಯಿಂದ ಬಂದ ವಾರದಲ್ಲಿ ಮಲ್ಲೇಶ ಮನೆಗೆ ಬಂದು ಹೊಸ್ತಿಲ ಹೊರಗೇ ನಿಂತ.

“ಹುಡುಗಂದು ತಪ್ಪಾಗೇತಿ. ಕೇಸ್ ತಗೀರಿ, ನಾವೂ ತಗೀತೀವಿ. ನಿಮ್ಮ ವರ್ಕ್‌ಶಾಪ್ ಬ್ಯಾರೆ ಕಡೆ ಹಾಕ್ಕೊಳ್ರಿ, ಜಾಗಾ ನಾ ನೋಡಿ ಕೊಡ್ತೀನಿ.”

ಸಪನಾ ಹೇಳಿದಳು: “ಧೂಳು ನಮ್ದರಿ ಕಾಕಾ. ಅದನ್ನ ನಾ ಹಿಡೀತೀನಿ, ಇನ್ನ ಮ್ಯಾಗ ಒಂದು ಕಣಾನೂ ನಿಮ್ಮ ಕಡೆ ಬರಂಗಿಲ್ಲ. ಹೊಡದದ್ದು ನಿಮ್ಮ ಮಗಂದು. ಅದು ಕೋರ್ಟಿನ್ಯಾಗ ಇರ್ಲಿ. ಜಾಗಾ ನಾವು ಬಿಡಂಗಿಲ್ಲ.”

ಮೀರಜಿನ ಮಷೀನು ಅಂಗಡಿಗೆ ಅವಳೊಬ್ಬಳೇ ಹೋದಳು. ಜೊತೆಗೆ ಒಂದು ಡಬ್ಬಿಯ ತುಂಬ ಮರ ಉಜ್ಜುವ ಪಾಲಿಶ್ ಪಟ್ಟಿಯಿಂದ ಉದುರಿದ ನುಣ್ಣನೆಯ ಧೂಳು, ಒಂದು ಕರಿ ಬಟ್ಟೆ. ಅಂಗಡಿಯವನು ಮೊದಲು ಬಟ್ಟೆಚೀಲದ ಮಷೀನು ತೋರಿಸಿದ. ಸಣ್ಣ ವರ್ಕ್‌ಶಾಪಿನವರು ಹೆಚ್ಚಾಗಿ ಒಯ್ಯುವುದು ಅದನ್ನೇ. ಚಾಲೂ ಮಾಡಿದಾಗ ಅದು ಡಬ್ಬಿಯ ಧೂಳನ್ನೆಲ್ಲ ಒಂದೇ ಗುಟುಕಿಗೆ ಎಳೆದುಕೊಂಡಿತು. ಅವಳು ಚೀಲದ ಹಿಂದೆ ಕರಿ ಬಟ್ಟೆ ಹಿಡಿದಳು. ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿತು.

“ಸಿಪ್ಪಿ ಹಿಡೀತೈತ್ರಿ, ಹಿಟ್ಟಿನಂಥಾದ್ದು ಸೋರ್ತೈತಿ” ಎಂದು ಅಂಗಡಿಯವನೂ ಒಪ್ಪಿದ. “ನಿಮಗ ಇದು ಸಾಲೂದಿಲ್ಲ ತಾಯಿ.”

ಅವಳು ಆರಿಸಿದ್ದು ಆಳೆತ್ತರದ ಕಬ್ಬಿಣದ ಮಷೀನನ್ನು. ಅದರೊಳಗೆ ಗಾಳಿ ಸುಳಿಯಾಗಿ ತಿರುಗುತ್ತಿತ್ತು. ದಪ್ಪ ಭುಸಾ ಕೆಳಗಿನ ಡ್ರಮ್ಮಿಗೆ ಬೀಳುತ್ತಿತ್ತು, ಉಳಿದ ಹಿಟ್ಟನ್ನು ಮಡಿಕೆ ಮಡಿಕೆಯ ಫಿಲ್ಟರು ತಡೆಯುತ್ತಿತ್ತು. ಪೈಪು ದಪ್ಪವಿರಬೇಕು, ಗಿಡ್ಡವಿರಬೇಕು, ಇಲ್ಲದಿದ್ದರೆ ಎಳೆತ ಸಾಯುತ್ತದೆ ಎಂದು ಅವನು ಹೇಳಿಕೊಟ್ಟ. ಕರಿ ಬಟ್ಟೆಯನ್ನು ಬಹಳ ಹೊತ್ತು ಹಿಡಿದಳು. ಅದು ಕರಿಯಾಗಿಯೇ ಉಳಿಯಿತು.

ತೆಲಸಂಗದಲ್ಲಿ ಮಷೀನು ಕೂಡಿಸಿದ ದಿನ ಸ್ವಿಚ್ ಒತ್ತಿದ್ದೇ ತಡ, ಅದರ ಗರ್ಜನೆಗೆ ಸುಮೇಧ ಕೈಯಲ್ಲಿದ್ದ ಉಳಿಯನ್ನೆತ್ತಿ ಗಾಳಿಗೆ ತಿವಿಯುತ್ತ ಹಿಂದೆ ಸರಿದ. ಅವನ ಕಣ್ಣಿಗೆ ಎದುರಿಗಿದ್ದ ಹೆಂಡತಿ ಕಾಣಿಸುತ್ತಿರಲಿಲ್ಲ. ಉಳಿ ಅವಳ ಅಂಗೈ ಸೀಳಿತು. ಅವಳು ರಕ್ತ ಸುರಿಯುವ ಕೈಯಿಂದಲೇ ಅವನನ್ನು ಗೋಡೆಗೆ ಒತ್ತಿ ಹಿಡಿದು, ಬಲಗಿವಿಯ ಹತ್ತಿರ, “ನಾನದೀನಿ, ನಾನ ಅದೀನಿ” ಎನ್ನುತ್ತಲೇ ಇದ್ದಳು. ಅಂದಿನಿಂದ ಅವನು ಅಂಗಳದ ಬೇವಿನ ಕೆಳಗೆ ಕೈಕೆಲಸ ಮಾಡುತ್ತಾನೆ. ಮಷೀನುಗಳೆಲ್ಲ ಅವಳ ಪಾಲಿಗೆ ಬಂದಿವೆ.

ಮುಂದಿನ ಬೇಸಿಗೆಯಲ್ಲಿ ಮಲ್ಲೇಶನ ಬಲೆಗಳ ಮೇಲೆ ಧೂಳು ಬೀಳಲಿಲ್ಲ. ಅವನು ಬೇಲಿಯ ತನಕ ಬಂದು ನೋಡಿ, ತಿರುಗಿ ಹೋದ. ಸಂಗ್ರಾಮ ಮಾತ್ರ ರಸ್ತೆಯಲ್ಲಿ ಬೈಕ್ ನಿಧಾನಿಸಿ, ನೆಟ್ಟಗಾಗದ ಕೈ ತೋರಿಸಿ, “ಇದರ ಲೆಕ್ಕ ಬಾಕಿ ಐತಿ” ಎನ್ನುತ್ತಾನೆ.

ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು, “ಅವನ ಕೈ ಮುರಿದದ್ದು ಯಾರು?” ಎಂದು ಕೇಳಿದರು. ಯಾರೆಂದು ನೋಡಲಿಲ್ಲ ಎನ್ನು ಎಂದು ಸಪನಾಳಿಗೆ ಎಷ್ಟೋ ಜನ ಹೇಳಿಕೊಟ್ಟಿದ್ದರು.

“ನಾನ ಹೊಡದೇನ್ರಿ” ಎಂದಳು. “ನನ್ನ ಗಂಡನ ಕಾಲು ಆಡೂದು ನಿಂತಿತ್ತರಿ. ಅದಕ್ಕ ಹೊಡದೆ.”